ಎರಡು ಟೀವಿಗಳ ನಡುವೆ ಕೋದಂಡರಾಮಪ್ಪ

ಪಡಸಾಲೆಯ ರಿಮೋಟು ಕೊನೆಯುಸಿರಿನವರೆಗೂ ತನ್ನ ಕೈಯಲ್ಲೇ ಇರಬೇಕು ಅನ್ನುವ ಒಂದೇ ಸ್ವಾರ್ಥದಿಂದ ಟೇಕಲ್ಲಿನ ಕೋದಂಡರಾಮಪ್ಪನವರು ಮನೆಗೆ ಎರಡನೇ ಟೀವಿ ತಂದರು. ಮುಂದೆ ಪಡಸಾಲೆಯಲ್ಲಿ ದೊಡ್ಡ ಟೀವಿ, ದೊಡ್ಡ ಬಾಕ್ಸು, ಕಬಡ್ಡಿ ಮತ್ತು ಕೋದಂಡರಾಮಪ್ಪ. ಹಿಂದೆ ಅಡುಗೆಮನೆಯಲ್ಲಿ ಸಣ್ಣ ಟೀವಿ, ಮರಿ ಬಾಕ್ಸು, ಧಾರಾವಾಹಿ ಮತ್ತು ಅವರ ಧರ್ಮಪತ್ನಿ ಅನಸೂಯಮ್ಮ. ಎರಡರ ನಡುವೆ ನಡುಮನೆ, ಅದರ ತುಂಬ ರೇಷ್ಮೆ ಹುಳ. ದೊಡ್ಡ ಬಾಕ್ಸು ವೈಫೈಯಲ್ಲೇ ಮರಿ ಬಾಕ್ಸಿಗೆ ಚಿತ್ರ ಕಳಿಸುತ್ತದೆ, ವೈರಿನ ರಗಳೆಯೇ ಇಲ್ಲ ಅಂತ ಅಂಗಡಿಯವನು ಹೇಳಿದ್ದ. ಅವರ ದಾಂಪತ್ಯದಲ್ಲಿ ಇಷ್ಟು ಸೊಗಸಾದ ಗಡಿ ಒಪ್ಪಂದ ಹಿಂದೆಂದೂ ಆಗಿರಲಿಲ್ಲ.

ಆದರೆ ಹಗಲೆಲ್ಲ ಸಾಧುವಾಗಿರುತ್ತಿದ್ದ ಮರಿ ಬಾಕ್ಸು ಸಂಜೆ ಧಾರಾವಾಹಿ ಶುರುವಾದ ಸ್ವಲ್ಪ ಹೊತ್ತಿಗೇ ಮುನಿಸಿಕೊಳ್ಳುತ್ತಿತ್ತು. ನಾಯಕಿ ತೆರೆದ ಬಾಯಿ ತೆರೆದ ಹಾಗೇ ನಿಂತು, ಪರದೆಯ ಮೇಲೆ 'ಸಂಪರ್ಕ ಇಲ್ಲ' ಅಂತ ಬರುತ್ತಿತ್ತು. ಮರುಕ್ಷಣ ಅನಸೂಯಮ್ಮ ಸೌಟಿನ ಸಮೇತ ಪಡಸಾಲೆಗೆ ಬಂದು ರಿಮೋಟಿಗೆ ಕೈ ಚಾಚುತ್ತಿದ್ದರು. (ಸೌಟು ಹಿಡಿದವರ ಜೊತೆ ವಾದ ಮಾಡುವಷ್ಟು ದಡ್ಡರಲ್ಲ ನಮ್ಮ ಕೋದಂಡರಾಮಪ್ಪ.) ಕೊನೆಗೊಂದು ದಿನ ಅನಸೂಯಮ್ಮನ ಬಾಯಲ್ಲಿ ತೆಲುಗು ಬಂತು. ತೆಲುಗು ಬಂತೆಂದರೆ ಕೋಪ ನೆತ್ತಿಗೇರಿದೆ ಎಂದೇ ಅರ್ಥ.

"ಇಂಕ ಚಾಲು, ಸಾಕಿನ್ನು," ಅಂದರು. "ಶುಕ್ರವಾರ ಧಾರಾವಾಹೀಲಿ ಆ ಹುಡುಗಿ ಮದ್ವೆ ಐತೆ. ಅಷ್ಟರೊಳಗೆ ಸರಿ ಮಾಡಿದ್ರೆ ಆಯ್ತು. ಇಲ್ದಿದ್ರೆ ದೊಡ್ಡ ಟೀವಿ ನಂದು, ಮರಿ ಬಾಕ್ಸು ನಿಮ್ದು, ಒಲೇನೂ ನಿಮ್ದೇ."

ಕೋದಂಡರಾಮಪ್ಪನವರು ರಿಪೇರಿಗೆ ಇಳಿದರು. ಅವರು ಹುಳ ಸಾಕಿ ತಲೆ ನರೆಸಿಕೊಂಡವರು. ಅವರ ಪ್ರಕಾರ ಬಾಕ್ಸೂ ಹುಳವೂ ಒಂದೇ ಜಾತಿ: ಶಾಖ ತಡೆಯೋದಿಲ್ಲ, ಕಂಡವರ ಕಣ್ಣೂ ಬೀಳಬಾರದು. ಮರಿ ಬಾಕ್ಸನ್ನು ಪೂರ್ವಕ್ಕೆ ತಿರುಗಿಸಿದರು. ಹಿಟ್ಟಿನ ಡಬ್ಬದ ಮೇಲೆ ಕೂರಿಸಿದರು. ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು. (ಬಾಕ್ಸೊಂದನ್ನು ಬಿಟ್ಟು ಬೀದಿಯವರೆಲ್ಲ ಸೀನಿದರು.) ವೇಮಗಲ್ಲಿನ ಫ್ಯಾಕ್ಟರಿಯಲ್ಲಿರುವ ಭಾವಮೈದ ಚಂದ್ರಮೋಹನನಿಗೆ ಫೋನು ಮಾಡಿದರೆ ಅವನು, "ಮಧ್ಯದಲ್ಲಿ ಏನಾದ್ರೂ ಅಡ್ಡ ಐತಾ ನೋಡಿ ಭಾವ," ಅಂದ.

"ನನಗೂ ಟೀವಿಗೂ ಮಧ್ಯೆ ಅಡ್ಡ ಇರೋದು ನಿಮ್ಮಕ್ಕ ಒಬ್ಬಳೇ ಕಣೋ," ಅಂತ ಇವರು ಫೋನಿಟ್ಟರು.

ಶುಕ್ರವಾರ ಬಂತು. ಮರಿ ಬಾಕ್ಸನ್ನು ಅಟ್ಟಕ್ಕೇರಿಸಿ ಹಗ್ಗದಲ್ಲಿ ಬಿಗಿಯುವುದರಲ್ಲೇ ಸಂಜೆ ಕಳೆಯಿತು. ಧಾರಾವಾಹಿ ಶುರುವಾಯಿತು. ಓಲಗ ಊದಿತು, ಮದುಮಗಳು ಹಸೆಗೆ ಬಂದಳು, ಚಿತ್ರ ಎಲ್ಲೂ ನಿಲ್ಲಲಿಲ್ಲ. ಅನಸೂಯಮ್ಮ ಕೇಳದೆಯೇ ಕಾಫಿ ಕೊಟ್ಟರು. ಮದುವೆ ನೋಡಲು ಬಂದಿದ್ದ ಪಕ್ಕದ ಮನೆಯ ಬೈರಮ್ಮನಿಗೆ ಕೋದಂಡರಾಮಪ್ಪನವರು, ತರಂಗಗಳು ಅಟ್ಟದ ಮೇಲೆ ಮಾತ್ರ ಓಡಾಡುತ್ತವೆ, ಅದನ್ನು ತಾವೇ ಕಂಡುಹಿಡಿದದ್ದು ಅಂತ ಉಪನ್ಯಾಸ ಕೊಟ್ಟರು.

ಉಪನ್ಯಾಸದ ನಡುವೆ ಹುಳದ ನೆನಪಾಯಿತು. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಸೂರಿನ ಶೀಟು ಸಂಜೆ ಶಾಖ ಇಳಿಸುತ್ತದೆ. ಹುಳಕ್ಕೆ ತಾಪ ತಟ್ಟದಿರಲಿ ಅಂತ ನಡುಮನೆಯ ಸುತ್ತ ಗೋಣಿಪಟ್ಟೆ ಇಳಿಬಿಟ್ಟು ದಿನಾ ಅದೇ ಹೊತ್ತಿಗೆ ನೀರು ಹಾಕುವುದು ಅವರದೇ ಕೆಲಸ. ಅವತ್ತು ಮರೆತೇ ಹೋಗಿತ್ತು. ಬಿಂದಿಗೆ ಬಿಂದಿಗೆ ನೀರು ಹೊತ್ತು ಗೋಣಿಗಳನ್ನೆಲ್ಲ ಇಳಿಬಿಟ್ಟು ಚೆನ್ನಾಗಿ ನೆನೆಸಿದರು.

ತಾಳಿ ಹಿಡಿದ ಮದುಮಗನ ಕೈ ಅಲ್ಲೇ ನಿಂತಿತು.

ಅನಸೂಯಮ್ಮ ನಡುಮನೆಗೆ ಬಂದರು. ಬಿಂದಿಗೆ ನೋಡಿದರು, ತೊಟ್ಟಿಕ್ಕುವ ಗೋಣಿ ನೋಡಿದರು, ಗಂಡನನ್ನು ನೋಡಿದರು. ಏನೋ ಹೊಳೆದವರಂತೆ ಗೋಣಿಗಳನ್ನು ಸರಸರನೆ ಪಕ್ಕಕ್ಕೆ ಎಳೆದರು. ಒಳಗೆ ಓಲಗ ಶುರುವಾಯಿತು. ಮತ್ತೆ ಇಳಿಬಿಟ್ಟರು. ಓಲಗ ನಿಂತಿತು. ನೆಂದ ಗೋಣಿಯೇ ತರಂಗಕ್ಕೆ ಅಡ್ಡ. ಇಷ್ಟು ದಿನ ಅವರ ಧಾರಾವಾಹಿಗೆ ನೀರು ಹಾಕಿ ಮುಳುಗಿಸುತ್ತಿದ್ದ ಮಹಾನುಭಾವ ಯಾರೆಂಬುದು ಬೈರಮ್ಮನಿಗೂ ಗೊತ್ತಾಗಿ ಹೋಯಿತು. ಅನಸೂಯಮ್ಮ ಗೋಣಿಗಳನ್ನೆಲ್ಲ ಬಿಚ್ಚಿ ಅಂಗಳಕ್ಕೆಸೆದರು.

"ಹುಳ ಬೆಂದೋಗ್ತವೆ ಕಣೇ," ಅಂದರು ಕೋದಂಡರಾಮಪ್ಪ, ಸಣ್ಣ ದನಿಯಲ್ಲಿ. "ಫ್ಯಾನ್ ಹಾಕಿದ್ರೆ ಸೊಪ್ಪು ಒಣಗುತ್ತೆ."

"ಅದಕ್ಕೇ ಕೈಯಲ್ಲಿ ಬೀಸಿ," ಅಂತ ಅನಸೂಯಮ್ಮ ಒಂದು ಮೊರ ತಂದುಕೊಟ್ಟರು. "ಮದ್ವೆ ಮುಗಿಯೋವರ್ಗೂ ಸಾಕು."

ಧಾರಾವಾಹಿಯ ಮದುವೆ ಯಾವಾಗ ಮುಗಿದದ್ದುಂಟು? ಒಂದು ವಾರವಾದರೂ ಮದುಮಗ ಎರಡನೇ ಗಂಟಿಗೆ ಬಂದಿರಲಿಲ್ಲ. ಪ್ರತಿ ಸಂಜೆ ಕೋದಂಡರಾಮಪ್ಪನವರು ಹುಳದ ತಟ್ಟೆಗಳ ನಡುವೆ ನಿಂತು ಮೊರ ಬೀಸುತ್ತಿದ್ದರು. ಹುಳಗಳು ಸೊಪ್ಪು ತಿಂದು ಸುಖವಾಗಿದ್ದವು. ಕಬಡ್ಡಿಯ ಫೈನಲ್ ದಿನ ತಡೆಯಲಾರದೆ, ಬೀಸುತ್ತಲೇ ಪಡಸಾಲೆಯ ಕಡೆ ತಿರುಗಿ, ಯಾರು ಮುಂದಿದ್ದಾರೆ ಅಂತ ಕೂಗಿ ಕೇಳಿದರು.

"ಗೊತ್ತಿಲ್ಲ ಅಣ್ಣ," ಅಂದಳು ಅವರ ಕುರ್ಚಿಯಲ್ಲಿ ಕಾಲು ಮಡಿಸಿ ಕೂತಿದ್ದ ಬೈರಮ್ಮ, ರಿಮೋಟನ್ನು ಮಡಿಲಿಗೆ ಹಾಕಿಕೊಂಡು. "ಇಲ್ಲೂ ಮದ್ವೇನೇ ಹಾಕ್ಕೊಂಡಿದ್ದೀನಿ. ಇದ್ರಲ್ಲಿ ಒಡವೆ ದೊಡ್ಡದಾಗಿ ಕಾಣುತ್ತೆ."

"ರೀ, ಬೀಸೋ ಸದ್ದು ನಿಂತೋಯ್ತಲ್ಲ," ಅಂತ ಅಡುಗೆಮನೆಯಿಂದ ಅನಸೂಯಮ್ಮ ಕೇಳಿದರು.