ಸಮುದ್ರದ ದೋಣಿಗೆ ಎಮ್ಮೆಯ ಬಿಲ್ಲೆ

ಕಡಿಮೆ ಮಾತಾಡುವವರಿಗೆ ಒಂದು ತೊಂದರೆ ಇದೆ. ಅಪರೂಪಕ್ಕೆ ಬಾಯಿಬಿಟ್ಟರೆ ಆಡಿದ್ದನ್ನೆಲ್ಲ ಜನ ನಂಬಿಬಿಡುತ್ತಾರೆ. ನನ್ನ ಬಾಳಿನ ಪೇಚುಗಳು ಇಂಥ ಒಂದೊಂದು ವಾಕ್ಯದಿಂದಲೇ ಶುರುವಾಗಿವೆ. ಇದೂ ಹಾಗೆಯೇ.

ಆಡಿದ ಒಂದು ವಾಕ್ಯ

ನಾನು ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ಹೆಂಡತಿಯ ತಮ್ಮ ಕಾರವಾರದಲ್ಲಿ ನೌಕರಿ ಮಾಡುತ್ತಿದ್ದ. ಅಲ್ಲಿಂದ ವರ್ಗವಾದಾಗ ತನ್ನ ಕಯಾಕನ್ನು ಲಾರಿಯ ಮೇಲೆ ಹಾಕಿಸಿ ನನಗೆ ಉಡುಗೊರೆಯಾಗಿ ಕಳಿಸಿದ. ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ, ಉದ್ದನೆಯ, ಕೆಂಪು ಬಣ್ಣದ ಸಮುದ್ರದ ದೋಣಿ. ಅಂಗಳದಲ್ಲಿ ಹಿಡಿಯದೆ ಮೂತಿ ಬೀದಿಗೆ ಚಾಚಿಕೊಂಡಿತು. ಪಕ್ಕದ ಮನೆಯಾಕೆ ಬಂದು ಮುಟ್ಟಿ ನೋಡಿ, ಅದರ ಬೆನ್ನಿನ ಮೇಲೆ ಶಾವಿಗೆ ಒಣಹಾಕಿ ಹೋದಳು.

ಮರುದಿನ ಶಿಕ್ಷಕರ ಕೋಣೆಯಲ್ಲಿ ಮುಖ್ಯಗುರುಗಳು, ಕೃಷ್ಣಾ ನದಿಗೆ ಯಾವಾಗ ಇಳಿಸುತ್ತೀರಿ ಎಂದು ಕೇಳಿದರು. ನನಗೆ ಈಜು ಬರುವುದಿಲ್ಲ. ಮೊಣಕಾಲ ಮೇಲೆ ನೀರು ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳುವವನು ನಾನೇ. ಆದರೆ ಅಷ್ಟು ಜನರೆದುರು ಹೆದರಿಕೆ ಎನ್ನಲು ಬಾಯಿ ಬರಲಿಲ್ಲ.

"ಇನ್ಶೂರೆನ್ಸ್ ಆಗೂತನಕ ನೀರಿಗಿ ಇಳಸಂಗಿಲ್ರಿ," ಎಂದೆ.

ಯಾದಗಿರಿ ಜಿಲ್ಲೆಯಲ್ಲಿ ಸಮುದ್ರದ ದೋಣಿಗೆ ವಿಮೆ ಮಾಡುವವರು ಹುಟ್ಟಿರಲಾರರು ಎಂಬ ಧೈರ್ಯ ನನ್ನದು. ಮುಖ್ಯಗುರುಗಳು ಅಲ್ಲೇ ಫೋನ್ ತೆಗೆದರು. ಅವರ ಹೆಂಡತಿಯ ಅಣ್ಣ ಯಾದಗಿರಿಯಲ್ಲಿ ವಿಮೆಯ ಏಜೆಂಟರಂತೆ.

ಸ್ಥಿತಿ

ಏಜೆಂಟರ ಮೇಜಿನ ಮೇಲೆ ಎಮ್ಮೆ, ಕುರಿ, ಟ್ರ್ಯಾಕ್ಟರ್ ಮೂರಕ್ಕೆ ಮಾತ್ರ ಅರ್ಜಿಗಳಿದ್ದವು. ನನಗೆ ಅರ್ಧ ಜೀವ ಬಂತು. ಇದು ಸಮುದ್ರದ ದೋಣಿ, ಇಲ್ಲಿ ಸಮುದ್ರವೇ ಇಲ್ಲ, ಕಂಪನಿ ಒಪ್ಪುವುದು ಕಷ್ಟ ಎಂದು ನಾನೇ ದಾರಿ ತೋರಿಸಿದೆ. ಅವರು ಸಂತೋಷಪಟ್ಟರು. ಸಮುದ್ರವೇ ಇಲ್ಲದ ಮೇಲೆ ಸಮುದ್ರದಲ್ಲಿ ಮುಳುಗುವ ಮಾತೆಲ್ಲಿ, ಇಷ್ಟು ಸುರಕ್ಷಿತ ದೋಣಿ ಕಾರವಾರದಲ್ಲೂ ಸಿಗುವುದಿಲ್ಲ ಎನ್ನುತ್ತ ಟ್ರ್ಯಾಕ್ಟರಿನ ಅರ್ಜಿ ಎಳೆದುಕೊಂಡರು.

ಗಾಲಿ ಎಷ್ಟು ಎಂದರು. ಇಲ್ಲ ಎಂದೆ. ಎಂಜಿನ್ ನಂಬರ್ ಕೇಳಿದರು. ಎಂಜಿನ್ನೂ ಇಲ್ಲ ಎಂದೆ.

"ಮತ್ತ ಹ್ಯಾಂಗ ನಡೀತದ್ರಿ?"

"ನಾನೇ ಹುಟ್ಟು ಹಾಕಬೇಕ್ರಿ."

"ಅಂದ್ರ ಎಂಜಿನ್ ನೀವೇ ಆದ್ರಿ."

ತಯಾರಾದ ವರ್ಷ ಎಂಬಲ್ಲಿ ನಾನು ಹುಟ್ಟಿದ ವರ್ಷ ಬರೆದುಕೊಂಡರು. ಸ್ಥಿತಿ ಎಂಬಲ್ಲಿಗೆ ಬಂದಾಗ ಕನ್ನಡಕವನ್ನು ಮೂಗಿನ ತುದಿಗಿಳಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಸ್ವಲ್ಪ ಯೋಚಿಸಿ, 'ಸಾಧಾರಣ' ಎಂದು ಬರೆದರು.

ಬಿಲ್ಲೆ

ಮುಂದಿನ ವಾರ ಇಕ್ಕಳದಂಥ ಒಂದು ಸಾಮಾನು ಹಿಡಿದು ಅವರೇ ಮನೆಗೆ ಬಂದರು. ಎಮ್ಮೆ, ಕುರಿಗೆ ವಿಮೆ ಮಾಡಿದರೆ ಕಿವಿಗೆ ನಂಬರಿನ ಹಳದಿ ಬಿಲ್ಲೆ ಹೊಡೆಯುತ್ತಾರೆ. ವರ್ಷಗಟ್ಟಲೆ ಅದನ್ನೇ ಮಾಡಿದ ಕೈ. ದೋಣಿಗೆ ಎರಡು ಸುತ್ತು ಬಂದು ಕಿವಿಯಂಥದ್ದೇನಾದರೂ ಇದೆಯೇ ಎಂದು ಹುಡುಕಿದರು. ಸಿಗದೆ, ಮೂತಿಯ ಹಗ್ಗಕ್ಕೇ ಬಿಲ್ಲೆ ಹೊಡೆದರು. ಆ ಹಗ್ಗ ನನ್ನ ಕೈಗೆ ಕೊಟ್ಟು, ಮಾಲೀಕನ ಜೊತೆ ಒಂದು ಫೋಟೊ ತೆಗೆದರು. ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಎಮ್ಮೆ ಸತ್ತರೆ ಬಿಲ್ಲೆ ತಂದು ಒಪ್ಪಿಸಿದವರಿಗೇ ಪರಿಹಾರ, ಇದಕ್ಕೂ ಅದೇ ಕಾಯಿದೆ ಎಂದು ವಿವರಿಸಿದರು.

"ದೋಣಿ ಮುಳುಗಿದ್ರ ಖಾಲಿ ಕೈಲೆ ಮ್ಯಾಲ ಬರಬ್ಯಾಡ್ರಿ ಸರ. ಬಿಲ್ಲಿ ಕತ್ತರಿಸ್ಕೊಂಡೇ ಬರ್ರಿ."

ನಾನು ಹಗ್ಗ ಕೆಳಗಿಟ್ಟೆ. "ನಾನೇ ಮುಳುಗಿದ್ರ?"

ಅವರು ನನ್ನ ಎರಡೂ ಕಿವಿಗಳನ್ನು ನೋಡಿದರು. "ನಿಮಗ ಬಿಲ್ಲಿ ಹಾಕಿಲ್ಲಲ್ರಿ."

ಪರೀಕ್ಷೆ

ದೋಣಿ ತೇಲುತ್ತದೋ ಇಲ್ಲವೋ ಕಣ್ಣಾರೆ ಕಂಡು ವರದಿ ಕೊಡಲು ಕಂಪನಿ ಕಲಬುರಗಿಯಿಂದ ಒಬ್ಬ ಅಧಿಕಾರಿಯನ್ನು ಕಳಿಸಿತು. ಮಾಲೀಕನ ಜೊತೆ ತಾವೂ ಕೂತು ನೋಡಬೇಕೆಂದು ಅವರಿಗೆ ಅಪ್ಪಣೆ. ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಭಾನುವಾರ ಸುರಪುರದಾಚೆ ಕೃಷ್ಣೆಯ ದಂಡೆಗೆ ಶಾಲೆಯ ಶಿಕ್ಷಕರೆಲ್ಲ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದರು.

ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, ಈಸು ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಇಲ್ಲವೆಂದೆ. ಅವರ ಮುಖ ಬಿಳಿಚಿತು.

"ನನಗೂ ಬರಂಗಿಲ್ರಿ. ನಿಮ್ಮ ಭರೋಸದ ಮ್ಯಾಲ ಬಂದೇನಿ."

ಇವತ್ತು ಸೆಳೆತ ಜಾಸ್ತಿ ಇದೆ ಎಂದುಬಿಡೋಣ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಅಷ್ಟರಲ್ಲಿ ಮುಖ್ಯಗುರುಗಳು ಬಂದು ಇಬ್ಬರ ಕೊರಳಿಗೂ ಹಾರ ಹಾಕಿದರು. ಹಾರ ಹಾಕಿಸಿಕೊಂಡ ಮೇಲೆ ಹಿಂದೆ ಸರಿಯುವುದು ಹೇಗೆ? ನಮ್ಮನ್ನು ಕೂರಿಸಿ ನೂಕಿದರು.

ನೀರು ದಂಡೆಯಿಂದ ಕಂಡಷ್ಟು ಸುಮ್ಮನಿರಲಿಲ್ಲ. ಉಸಿರಾಡಿದರೂ ದೋಣಿ ಅಲುಗುತ್ತಿತ್ತು, ಹಾಗಾಗಿ ಉಸಿರಾಡುವುದನ್ನು ಕಡಿಮೆ ಮಾಡಿದೆವು. ಆಚೆ ಬಂಡೆಯ ಮೇಲಿಂದ ಉದ್ದನೆಯದೇನೋ ನೀರಿಗೆ ಜಾರಿತು. ಅದು ಏನೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮರುಕ್ಷಣ ಇಬ್ಬರೂ ಜೀವ ಕೈಯಲ್ಲಿ ಹಿಡಿದು ಹುಟ್ಟು ಹಾಕತೊಡಗಿದೆವು. ಅವರು ಎಡಗಡೆ ಮುಂದಕ್ಕೆ ಹಾಕಿದರೆ ನಾನು ಬಲಗಡೆ ಹಿಂದಕ್ಕೆ. ದೋಣಿ ಇದ್ದಲ್ಲೇ ಗಿರಗಿರನೆ ತಿರುಗಿತು. ಇದೂ ಒಂದು ವಿದ್ಯೆ ಎಂದುಕೊಂಡು ದಂಡೆಯ ಮೇಲೆ ಚಪ್ಪಾಳೆ ತಟ್ಟಿದರು.

ದುಂಡನೆಯ ಹರಗೋಲಿನಲ್ಲಿ ಒಬ್ಬ ಮುದುಕ ಹತ್ತಿರ ಬಂದು, ಎಲೆ ಅಗಿಯುತ್ತ ಸ್ವಲ್ಪ ಹೊತ್ತು ನೋಡಿದ.

"ಸರ, ಬರೇ ತಿರುಗಾಕ ಇಷ್ಟು ಉದ್ದಂದು ಯಾಕ ತಂದ್ರಿ?" ಎಂದು ಕೇಳಿ, ನಮ್ಮನ್ನು ದಂಡೆಗೆ ಎಳೆದು ತಂದ.

ಅಧಿಕಾರಿ ಮರಳಿನ ಮೇಲೆ ಕೂತೇ ವರದಿ ಬರೆದರು. ಏನು ಬರೆದಿರಿ ಎಂದು ಕೇಳುವ ಶಕ್ತಿ ನನಗಿರಲಿಲ್ಲ. ವಿಮೆ ಆದರೆ ಇನ್ನು ಪ್ರತಿ ಭಾನುವಾರವೂ ಇದೇ ಗತಿ ಎಂಬುದೊಂದೇ ತಲೆಯಲ್ಲಿತ್ತು.

ಷರತ್ತು

ಕಂಪನಿಯ ಕಾಗದ ಶಾಲೆಯ ವಿಳಾಸಕ್ಕೆ ಬಂತು. ಮುಖ್ಯಗುರುಗಳು ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿದರು. ದೋಣಿ ಸುಸ್ಥಿತಿಯಲ್ಲಿದೆ. ವಿಮೆ ಮಂಜೂರಾಗಿದೆ. ಷರತ್ತು ಒಂದೇ, ಎಂದು ಮುಂದೆ ಓದಿದರು: ಮಾಲೀಕರು ದೋಣಿಯೊಳಗೆ ಕೂತ ಕ್ಷಣದಿಂದ ಈ ವಿಮೆ ರದ್ದಾಗುತ್ತದೆ.

ನಾನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಮೇಜಿನ ಮೇಲೆ ಬಾಗಿದೆ. ನಗು ತಡೆಯಲು ಎಷ್ಟು ಪ್ರಯತ್ನಿಸಿದರೂ ಭುಜಗಳು ಕುಲುಕುತ್ತಿದ್ದವು. ಮುಖ್ಯಗುರುಗಳು ಬಂದು ಬೆನ್ನ ಮೇಲೆ ಕೈಯಿಟ್ಟರು.

"ಅಳಬ್ಯಾಡ್ರಿ ಸರ," ಎಂದರು. ಅವರ ದನಿಯೇ ಒಡೆದಿತ್ತು. "ನಿಮ್ಮಂಥ ಧೈರ್ಯದ ಮನುಷ್ಯಾಗ ಕಂಪನಿಯವ್ರು ಹಿಂಗ ಮಾಡಬಾರದಿತ್ತು."