ಈಗ ದೇವರು ಬರ್ತಾರೆ, ಆಮೇಲೆ ಬನ್ನಿ

ದೇವರನ್ನು ಮನೆಗೆ ಬರಮಾಡಿಕೊಳ್ಳುವುದರಲ್ಲಿ ಅಂಥ ಕಷ್ಟವೇನಿದೆ ಎಂದುಕೊಂಡಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಬಿಷಪ್ಪರಿಗೇ ಟೀ ಕೊಟ್ಟ ಕೈ ಇದು!

ಭಾನುವಾರದ ಪ್ರಸಂಗದಲ್ಲಿ ಫಾದರ್, "ದೇವರನ್ನು ಚರ್ಚಿನಲ್ಲೇ ಬಿಟ್ಟು ಹೋಗಬೇಡಿ, ಮನೆಗೂ ಕರೆದುಕೊಂಡು ಹೋಗಿ" ಎಂದರು. ನನಗೆ ನಮ್ಮ ಬೋರ್ಡಿಂಗಿನ ಮುದಿ ಸಿಸ್ಟರ್ ನೆನಪಾದರು. ಅವರೆಕಾಯಿ ಸುಲಿಯುತ್ತಲೇ ದೇವರ ಜೊತೆ ಮಾತಾಡುತ್ತಿದ್ದರು, ಪಕ್ಕದಲ್ಲಿ ಕೂತ ಗೆಳತಿಯೊಡನೆ ಮಾತಾಡಿದಂತೆ. ಎಂಥ ಸಲೀಸು! ಅಂಥ ಬದುಕು ನನಗೂ ಬೇಕೆನಿಸಿತು. ಆದರೆ ನಾನು ಸಿಸ್ಟರಿಗಿಂತ ಸಿಸ್ಟಮ್ಯಾಟಿಕ್. ತಿಂಡಿ ಪಾತ್ರೆ ತೊಳೆದ ಮೇಲೆ ಹಾಲ್‌ನಲ್ಲಿ ಮೇಣದಬತ್ತಿ ಹಚ್ಚಿ, ಕಣ್ಣು ಮುಚ್ಚಿ, ದೇವರೊಂದಿಗೆ ಏಕಾಂತ ಎಂದು ಟೈಮ್‌ಟೇಬಲ್ ಹಾಕಿದೆ.

"ಆ ಹೊತ್ತಿಗೆ ದೇವರಿಗೆ ಬಿಡುವಿರುತ್ತಾ ಅಂತ ಕೇಳಿದ್ಯಾ?" ಎಂದರು ಯಜಮಾನರು.

ಮೊದಲ ದಿನವೇ ಪಕ್ಕದ ಮನೆಯ ರಂಗಮ್ಮ ಕರಿಬೇವಿಗೆ ಬಂದಳು.

"ಈಗ ಬೇಡ ರಂಗಮ್ಮ, ಆಮೇಲೆ ಬಾ. ಈ ಹೊತ್ತಿನಲ್ಲಿ ನನಗೆ ದೇವರು ಬರ್ತಾರೆ."

ನಾನು ಹೇಳಿದ್ದು ಕಾನ್ವೆಂಟ್ ಕನ್ನಡ. ರಂಗಮ್ಮ ಕೇಳಿಸಿಕೊಂಡದ್ದು ಮಧುಗಿರಿ ಕನ್ನಡ! ನಮ್ಮ ಕಡೆ ದೇವರು ಬಂತು ಎಂದರೆ ಮೈಮೇಲೆ ಬಂತು ಎಂದರ್ಥ. ಬಂದವರು ತೂಗಾಡಬೇಕು, ಕೇಳಿದವರಿಗೆ ಅಪ್ಪಣೆ ಕೊಡಬೇಕು.

"ನಿಮ್ಮೋರ್ಗೂ ಬತ್ತದಾ ಸ್ಟೆಲ್ಲಮ್ಮ?" ರಂಗಮ್ಮನ ಕಣ್ಣುಗಳು ಅಗಲವಾದವು.

"ಯಾಕೆ ಬರಬಾರದು? ಕರೆದರೆ ಯಾರಿಗಾದರೂ ಬರ್ತಾರೆ."

"ದಿನಾಲೂವಾ?"

"ಡೈಲಿ!" ಎಂದೆ, ಹೆಮ್ಮೆಯಿಂದ.

ರಂಗಮ್ಮ ಕರಿಬೇವು ಮರೆತು ಓಡಿದಳು.

ಮರುದಿನ ಕಣ್ಣು ಮುಚ್ಚಿ, ಬೋರ್ಡಿಂಗಿನ ಹಳೆಯ ಹಾಡೊಂದನ್ನು ಗುನುಗುತ್ತ ತುಸು ತೂಗಾಡುತ್ತಿದ್ದೆ. ಎದುರಿಗೇ ಪಿಸುಮಾತು.

"ಬಂತು ಕಣಮ್ಮ, ಬಂತು! ತೂಗ್ತಾವ್ರೆ ನೋಡು!"

"ಕೇಳ್ಬುಡ್ಲಾ ರಂಗಕ್ಕ?"

"ಇರು, ಪೂರ್ತಿ ಬರ್ಲಿ!"

ಕಣ್ಣು ಬಿಟ್ಟರೆ ಹಾಲ್ ತುಂಬ ಹೆಂಗಸರು! ನಿಂಬೆಹಣ್ಣು, ಬೇವಿನ ಸೊಪ್ಪು, ಊದುಬತ್ತಿ. ಎಲ್ಲರಿಗಿಂತ ಮುಂದೆ ಕೈಮುಗಿದು ಕೂತವಳು ಕೊಳಾಲದಿಂದ ಬಂದಿದ್ದ ರಂಗಮ್ಮನ ತಂಗಿ ಜಯಮ್ಮ.

"ಪಾವಗಡಕ್ಕೆ ಕೊಟ್ಟಿರೋ ಮಗ್ಳು ತಾಯೇ, ಸರೋಜ. ಅವ್ಳಿಗೂ ನಂಗೂ ಮಾತು ಬಿಟ್ಟೋಗದೆ. ಬಾಣಂತನಕ್ಕೂ ನನ್ನ ಕರೀಲಿಲ್ಲ, ಮೊಮ್ಮಗೀನ ಮೊಕ ನೋಡಿಲ್ಲ. ಕರೀದೆ ನಾನೇ ಹೋಗ್ಲಾ? ಇಲ್ಲಾ ಅವ್ಳೇ ಬತ್ತಾಳಾ?"

ಆ ತಾಯಿಯ ಸಂಕಟ ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ನನ್ನ ಏಕಾಂತ ಹಾಳಾಗಿತ್ತಲ್ಲ! ಎದ್ದು ನಿಂತು, ಬಾಗಿಲ ಕಡೆ ಕೈಚಾಚಿ ಕಿರುಚಿದೆ: "ಗೋ! ಜಸ್ಟ್ ಗೋ! ಹೋಗಿ! ಈ ಕ್ಷಣವೇ ಹೋಗಿ!"

ಹೆಂಗಸರೆಲ್ಲ ಒಮ್ಮೆಲೇ ಕೈಮುಗಿದರು.

"ಇಂಗ್ಲಿಷ್ನಾಗೂ ಹೇಳ್ತು!" ರಂಗಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಕೇಳಿಸ್ಕಂಡ್ಯಾ ಜಯಾ? ಹೋಗು ಅಂತು!"

ಜಯಮ್ಮ ನನ್ನ ಕಾಲಿಗೆ ಬಿದ್ದು, ಎದ್ದು, ಪಾವಗಡದ ಬಸ್ಸಿಗೆ ಓಡಿಯೇಬಿಟ್ಟಳು. ಗಡಿಬಿಡಿಯಲ್ಲಿ ನನ್ನ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದಳು. ಕೂಗಿ ಕರೆಯಲೆಂದು ಕಿಟಕಿಗೆ ಹೋದೆ. 'ಹೋಗು, ಮೊದಲು ನಿನ್ನ ಸಹೋದರನೊಡನೆ ಸಮಾಧಾನ ಮಾಡಿಕೋ' ಎಂದು ಬೈಬಲಿನಲ್ಲಿ ದೇವರು ನನಗೂ ಎಷ್ಟೋ ಸಲ ಹೇಳಿದ್ದಾರೆ. ಹುಟ್ಟಾ ಕ್ರೈಸ್ತಳಾದ ನಾನು ಒಮ್ಮೆಯಾದರೂ ಅಷ್ಟು ಬೇಗ ಎದ್ದದ್ದುಂಟೆ? ಅವಳ ಓಟವನ್ನು ಕಿಟಕಿಯಿಂದ ನೋಡುತ್ತ ನಿಂತೆ. ಊದುಬತ್ತಿ ಹೊಗೆಗೆ ಕೆಮ್ಮುತ್ತ.

ವಾರ ಕಳೆದು ಜಯಮ್ಮ ಬಂದಳು. ಜೊತೆಗೆ ಮಗಳು, ಸೊಂಟದ ಮೇಲೆ ಮೊಮ್ಮಗು!

"ಬಾಗ್ಲಾಗೇ ತಬ್ಕಂಡು ಅತ್ಬುಟ್ಲು ಕಣಮ್ಮ. 'ನೀ ಬರ್ಲಿ ಅಂತ್ಲೇ ಕಾಯ್ತಿದ್ದೆ' ಅಂದ್ಲು."

ನಾನು ನಾಚಿಕೆ ಬಿಟ್ಟು ಹೇಳಿದೆ: "ಜಯಮ್ಮ, ನನ್ನ ಮೈಮೇಲೆ ಯಾರೂ ಬಂದಿರಲಿಲ್ಲ. ಐ ಆಮ್ ಸಾರಿ. ಅವತ್ತು ನಿಮ್ಮನ್ನು ಮನೆಯಿಂದ ಓಡಿಸುತ್ತಿದ್ದೆ."

ಜಯಮ್ಮ ನಕ್ಕುಬಿಟ್ಟಳು. "ಬಂದೋರ್ಗೆ ಗ್ಯಾನ ಎಲ್ಲಿರ್ತದೆ ಬುಡಿ ತಾಯೇ!"

ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಅದು ನನ್ನ ಜಪಸರವನ್ನು ಬಾಯಿಗಿಟ್ಟು ಚೀಪತೊಡಗಿತು. ಹಾಲ್ ತುಂಬ ಗಲಾಟೆ, ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ. ಆದರೂ ನನಗೆ ಯಾರೋ ಬಂದು ನಮ್ಮ ನಡುವೆ ಕೂತರು ಎನಿಸಿತು.

ಅವರು ಹೋದ ಮೇಲೆ ಯಜಮಾನರಿಗೆ ಹೇಳಿದೆ: "ನೋಡಿದ್ರಾ, ಭಕ್ತಿಯಿಂದ ಕೂತಾಗ ಮಾತಾಡದ ದೇವರು, ನಾನು ಬೈಯುವಾಗ ನನ್ನ ಬಾಯಿಂದಲೇ ಮಾತಾಡಿಬಿಟ್ಟರು!"

ಅವರು ಎದ್ದು ನಿಂತು ನನಗೆ ಕೈಮುಗಿದರು.

"ಹಾಗಾದ್ರೆ ಸ್ಟೆಲ್ಲಾ, ಮದುವೆಯಾದ ದಿನದಿಂದ ಈ ಮನೆಯಲ್ಲಿ ನನಗೆ ದೇವವಾಣಿ ತಪ್ಪಿದ್ದೇ ಇಲ್ಲ!"