ಕಾಲು ಬರೆದ ಪರೀಕ್ಷೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗೆದ್ದ ಜಗಳಗಳ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವರ್ಷ ಕಳೆದಂತೆ ಎದುರಾಳಿ ಕುಳ್ಳಗಾಗುತ್ತಾನೆ, ನನ್ನ ಮಾತು ಮೊನಚಾಗುತ್ತದೆ. ಆಗಲೂ ಡೈರಿ ಬರೆಯುತ್ತಿದ್ದೆ ಎನ್ನುವುದೇನೋ ನಿಜ. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಮಧ್ಯಾಹ್ನ ಬದನೆಕಾಯಿ ಎಣಗಾಯಿ. ಖಾರ ಹೆಚ್ಚು.’

ಸ್ವಾತಂತ್ರ್ಯ ಬಂದಿತ್ತು, ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ಬೆಟಗೇರಿಯ ನೇಕಾರರ ಮನೆಯಿಂದ ಗದಗಿನ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯರು ನಾನು ಮತ್ತು ದೊಡ್ಡಪ್ಪನ ಮಗಳು ಗೌರಕ್ಕ. ಅಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ. “ಒಂದs ಸಲ ನೋಡ್ರಿ. ನಪಾಸಾದ್ರ ಸುಮ್ಮನ ಕಂಡಿಕಿ ಸುತ್ತಕೋತ ಕುಂಡ್ರಬೇಕು.” ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು ನಮ್ಮಲ್ಲಿ ಹೆಂಗಸರ ಕೆಲಸ. ಒಮ್ಮೆ ಕೂತವರು ಎದ್ದದ್ದನ್ನು ನಾನು ನೋಡಿರಲಿಲ್ಲ.

ಪಡಸಾಲೆಯಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಎರಡು ಕುಣಿಮಗ್ಗ. ಅವುಗಳ ಸದ್ದಿನಲ್ಲೇ ಊಟ, ಜಗಳ, ನಿದ್ದೆ, ಓದು. ಸ್ವಾತಂತ್ರ್ಯ ಬಂದರೂ ನಮ್ಮ ಪಠ್ಯದಿಂದ ಇಂಗ್ಲೆಂಡಿನ ರಾಜರು ಇನ್ನೂ ಹೋಗಿರಲಿಲ್ಲ. ಶಿರಹಟ್ಟಿಯ ಅತ್ತೆ ಬಂದಾಗಲೆಲ್ಲ ಕೇಳುತ್ತಿದ್ದಳು, “ನಮ್ಮ ಸಂಸ್ಥಾನದ ರಾಜರs ಹೋದ್ರು, ನೀವಿನ್ನೂ ಅವರ ರಾಜರನ್ನ ಹಿಡಕೊಂಡು ಕುಂತೀರೇನ?” ಅವರನ್ನು ನೆನಪಿನಲ್ಲಿ ಹಿಡಿದುಕೊಳ್ಳಲು ನನಗೆ ಸಿಕ್ಕ ದಾರಿ ಮಗ್ಗದ್ದು. ಅಪ್ಪ ಕಾಲಡಿಯ ಹಲಗೆ ತುಳಿದಂತೆ ನಾನೂ ನೆಲ ತುಳಿಯುತ್ತ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಎಡಗಾಲಿಗೆ ಒಬ್ಬ ಹೆನ್ರಿ, ಬಲಗಾಲಿಗೆ ಇನ್ನೊಬ್ಬ ಹೆನ್ರಿ, ಆಮೇಲೆ ಎಡ್ವರ್ಡ್, ಮೇರಿ, ಎಲಿಜಬೆತ್. ಅಮಾವಾಸ್ಯೆಯ ಬಿಡುವಿಗೆ ಮಗ್ಗ ನಿಂತರೆ ನನ್ನ ಓದೂ ನಿಲ್ಲುತ್ತಿತ್ತು. ಗೌರಕ್ಕ ಪುಸ್ತಕ ತೆರೆದದ್ದು ನನಗೆ ನೆನಪಿಲ್ಲ. “ನೀ ಓದಲೇ, ನಾ ಕೇಳತೀನಿ,” ಎಂದು ಪಕ್ಕದಲ್ಲಿ ಕಂಡಿಕೆ ಸುತ್ತುತ್ತ ಕೂಡುತ್ತಿದ್ದಳು.

ಕಾಲೇಜಿನ ಪರೀಕ್ಷೆ ಬಂತು. ಇದರಲ್ಲಿ ಪಾಸಾದವರಿಗಷ್ಟೇ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂಡುವ ಅನುಮತಿ. ಹಾಲಿನಲ್ಲಿ ಒಂದು ಉದ್ದನೆಯ ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಗೌರಕ್ಕ. ಪ್ರಶ್ನೆಪತ್ರಿಕೆ ನೋಡಿದೆ, ರಾಜರೇ ಇದ್ದರು. ಆದರೆ ಅಂಥ ಮೌನದಲ್ಲಿ ನಾನು ಹುಟ್ಟಿದಾಗಿನಿಂದ ಕೂತವಳಲ್ಲ. ಒಬ್ಬ ಹೆನ್ರಿಯೂ ಬರಲೊಲ್ಲ. ಯಾವಾಗ ಕಾಲು ತಾನಾಗಿ ತುಳಿಯಲು ಶುರು ಮಾಡಿತೋ ತಿಳಿಯದು, ರಾಜರು ಸಾಲಾಗಿ ಬರತೊಡಗಿದರು.

ಅವರ ಜೊತೆಗೇ ಮೇಲ್ವಿಚಾರಣೆಗಿದ್ದ ತರ್ಕಶಾಸ್ತ್ರದ ಸರ್ ಕೂಡ ಬಂದರು. “ಏನಿದು ಟಕ್ ಟಕ್? ಆಕಿಗೆ ತಂತಿ ಹೊಡೀಲಿಕ್ಕೆ ಹತ್ತೀಯೇನು?” ಎಂದವರೇ ನನ್ನ ಉತ್ತರಪತ್ರಿಕೆ ಎತ್ತಿಕೊಂಡು, ನನ್ನನ್ನು ಪ್ರಿನ್ಸಿಪಾಲರ ಎದುರು ನಿಲ್ಲಿಸಿದರು. ಕಾಪಿ ಎಂದು ತೀರ್ಮಾನವಾದರೆ ವರ್ಷವೇ ಹೋಯಿತು. ಕಂಡಿಕೆ ಸುತ್ತುವ ರಾಟೆ ನನ್ನ ಕಣ್ಣ ಮುಂದೆ ತಿರುಗಿತು.

“ನಿಯಮ ಓದೀಯೇನವಾ?” ಎಂದರು ಪ್ರಿನ್ಸಿಪಾಲರು.

ಓದಿದ್ದೆ. ಹಾಲಿನ ಬಾಗಿಲ ಬಳಿ ತೂಗುಹಾಕಿದ್ದ ನಿಯಮಗಳ ಫಲಕದ ಉದ್ದಕ್ಕೂ ವಿದ್ಯಾರ್ಥಿಗಳ ಹೊಣೆಗಳೇ ಇದ್ದವು. ಹಕ್ಕು ಕೊನೆಯ ಒಂದೇ ಸಾಲು, ಅದೂ ಅರ್ಧ ಚೌಕಟ್ಟಿನ ಕೆಳಗೆ ಹೋಗಿತ್ತು.

“ಕಾಪಿ ಮಾಡಬಾರದು ಅಂತ ಐತ್ರಿ. ಕಾಲು ಅಲ್ಲಾಡಿಸಬಾರದು ಅಂತ ಇಲ್ರಿ. ಆರೋಪ ಬಂದ್ರ ವಿದ್ಯಾರ್ಥಿ ಮಾತು ಕೇಳಬೇಕು ಅಂತ ಕಡೀ ಸಾಲಿನಾಗ ಐತ್ರಿ. ನನ್ನ ಮಾತು ಯಾರೂ ಕೇಳಿಲ್ರಿ.”

ಇಷ್ಟು ಸರಾಗವಾಗಿ ಹೇಳಿದೆನೋ, ಅಳುತ್ತ ಹೇಳಿದೆನೋ, ಈಗ ಸರಾಗವಾಗಿಯೇ ನೆನಪಿದೆ. ಮಗ್ಗದ ಸಂಗತಿಯನ್ನೆಲ್ಲ ವಿವರಿಸಿದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದರು. “ಕಾಲು ನಿಲ್ಲಿಸಿ ರಾಜರನ್ನ ಹೇಳು.” ಇನ್ನೊಬ್ಬ ಹೆನ್ರಿಯ ಹೊತ್ತಿಗೇ ಎಡವಿದೆ. “ಈಗ ತುಳಕೋತ ಹೇಳು.” ತುಳಿದೆ. ಚಾರ್ಲ್ಸರು, ಜಾರ್ಜರು, ಯಾರೂ ತಪ್ಪಿಸಿಕೊಳ್ಳಲಿಲ್ಲ. ವಿಕ್ಟೋರಿಯಾ ರಾಣಿಯ ಹೊತ್ತಿಗೆ ಅವರೇ ಕೈ ಎತ್ತಿ ನಿಲ್ಲಿಸಿದರು.

“ಏನ್ರಿ ಸರ್, ತರ್ಕ ಏನ ಹೇಳತದ?”

“ಇದು ತರ್ಕಕ್ಕ ನಿಲುಕೂದಲ್ರಿ,” ಎಂದರು ಸರ್.

“ಹೋಗವಾ. ಚಪ್ಪಲಿ ಬಿಚ್ಚಿ ತುಳಿ,” ಎಂದರು ಪ್ರಿನ್ಸಿಪಾಲರು.

ನಾನು ಕದಲಲಿಲ್ಲ. “ಇಲ್ಲಿ ಹೋದ ಹೊತ್ತು ತಿರುಗಿ ಕೊಡಬೇಕ್ರಿ.” ಅದನ್ನೂ ಕೊಟ್ಟರು. ತರ್ಕಶಾಸ್ತ್ರದ ಸರ್ ನನ್ನ ಉತ್ತರಪತ್ರಿಕೆ ಹಿಡಿದು ಮುಂದೆ, ಚಪ್ಪಲಿ ಕೈಯಲ್ಲಿ ಹಿಡಿದು ನಾನು ಹಿಂದೆ, ಇಡೀ ಹಾಲಿನ ನಡುವೆ ನಡೆದೆವು. ಏಕೀಕರಣದ ಮೆರವಣಿಗೆಗಳನ್ನು ಆಮೇಲೆ ಎಷ್ಟೋ ನೋಡಿದೆ, ಯಾವುದೂ ಇದಕ್ಕೆ ಸಮ ಬರಲಿಲ್ಲ. ಬರಿಗಾಲಲ್ಲಿ ಮನಸಾರೆ ತುಳಿದೆ, ಬೆಂಚು ಆ ತುದಿಯವರೆಗೂ ನಡುಗಿತು. ಪಾಸಾದೆ. ಗೌರಕ್ಕನೂ ಪಾಸಾದಳು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ.

ಈ ಕಥೆಯನ್ನು ಹಕ್ಕಿನ ವಿಜಯವೆಂದು ನಾನು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಕೇಳದವರಿಗೂ ಹೇಳಿದ್ದೇನೆ. ಹೋದ ವರ್ಷ ಮುಂಡರಗಿಯಲ್ಲಿ ಗೌರಕ್ಕನ ಮನೆಯಲ್ಲಿ ಮತ್ತೊಮ್ಮೆ ಹೇಳುತ್ತ ಹೇಳುತ್ತ ನಡುವೆ ತಡೆದು ನಿಂತೆ. ರಾಜರ ಪ್ರಶ್ನೆಯಲ್ಲಿ ಆಕೆಗೆ ನನಗಿಂತ ಹೆಚ್ಚು ಅಂಕ ಬಂದದ್ದು ಯಾಕೋ ಅಂದೇ ಮೊದಲ ಸಲ ನೆನಪಾಯಿತು. ಪುಸ್ತಕ ತೆರೆಯದ ಗೌರಕ್ಕ. ಅದೇ ಮಗ್ಗದ ಸದ್ದಿನಲ್ಲಿ, ನನ್ನ ಬಾಯಿಂದಲೇ ಎಲ್ಲ ಕೇಳಿದ ಗೌರಕ್ಕ.

“ಖರೆ ಹೇಳು ಗೌರಕ್ಕ, ಅವತ್ತು ನನ್ನ ಕಾಲಿನ ತುಳಿತಕ್ಕ ನಿನಗೂ ರಾಜರು ನೆನಪಾದ್ರೇನ?”

“ಚಾ ಆರತೈತಿ, ಕುಡಿ,” ಎಂದಳು. ಆ ಚಹಾ ಕುಡಿದು ವರ್ಷವಾಯಿತು, ಉತ್ತರ ಇನ್ನೂ ಬಂದಿಲ್ಲ.